ಅರಳು ಮರಳು: ಮತಿಕ್ಷಯದ ಮೊದಲ ಗುರುತುಗಳು

“ಅರವತ್ತಕ್ಕೆ ಅರಳು ಮರಳು” ಎಂಬ ಗಾದೆಯೊಂದು ನಮ್ಮಲ್ಲುಂಟು. ಹಿರಿಯರೊಬ್ಬರು ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿಕೊಂಡು ಅದನ್ನೇ ಮನೆಯೆಲ್ಲ ಹುಡುಕುತ್ತಿದ್ದರೆ ನಾವು ಈ ಮಾತನ್ನು ಹೇಳಿ ನಗುವೆವು, ಅವರೂ ನಗುವರು. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂದು ನಂಬಿಕೊಂಡು ಬಂದ ಜನ ನಾವು. ಆದರೆ ಈ ಒಂದು ಗಾದೆ ಸುಳ್ಳೆಂದು ಹೇಳಬೇಕಾಗಿದೆ. ಅಷ್ಟೇ ಅಲ್ಲ, ಅದರಿಂದ ಎಷ್ಟೋ ಮನೆಗಳಿಗೆ ಹಾನಿಯಾಗಿದೆಯೆಂದೂ ಹೇಳಬೇಕಾಗಿದೆ. ಆ ಹಾನಿಯಲ್ಲಿ ನಮ್ಮ ಮನೆಯೂ ಪಾಲುಗೊಂಡಿತು.

ನಮ್ಮ ಸೋದರಮಾವನವರು ಸರ್ಕಾರದ ಲೆಕ್ಕಪತ್ರಗಳ ಕಛೇರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಕೆಲಸಮಾಡಿ ನಿವೃತ್ತರಾದವರು. ಪ್ರತಿ ರಾತ್ರಿ ಊಟವಾದ ಮೇಲೆ ಅಂದಿನ ಖರ್ಚನ್ನು ಉದ್ದನೆಯ ಪುಸ್ತಕವೊಂದರಲ್ಲಿ ಬರೆದು, ಕೆಳಗೆ ಗೆರೆಯೆಳೆದು, ಮೊತ್ತ ಹಾಕಿ ಮಲಗುವುದು ಅವರ ಪದ್ಧತಿ. ಒಂದು ತಿಂಗಳು ಅವರು ಹಾಲಿನವನಿಗೆ ಎರಡು ಸಲ ಹಣ ಕೊಟ್ಟರು. “ಏನು ಮಾವ, ಹಾಲಿನವನಿಗೆ ಈ ತಿಂಗಳು ಎರಡು ಸಂಬಳವೇ?” ಎಂದು ನಾವು ಹಾಸ್ಯಮಾಡಿದೆವು. “ಹೋಗೋ, ಅವನ ಮನೆಯಲ್ಲಿ ಹಬ್ಬ ಬೇಡವೇ?” ಎಂದು ಅವರು ತಿರುಗಿ ಹಾಸ್ಯಮಾಡಿದರು. ಮಾತು ಅಷ್ಟು ಚುರುಕಾಗಿದ್ದುದರಿಂದ ಬುದ್ಧಿಯೂ ಚುರುಕಾಗಿಯೇ ಇದೆಯೆಂದು ನಾವೆಲ್ಲರೂ ತಿಳಿದೆವು. ವೈದ್ಯರ ಬಳಿಗೆ ಅವರನ್ನು ಕರೆದುಕೊಂಡು ಹೋದದ್ದು ಅದಾದ ಎರಡು ವರ್ಷಗಳ ಮೇಲೆ, ನಲವತ್ತು ವರ್ಷ ನಡೆದಾಡಿದ ಬೀದಿಯಲ್ಲಿ ನಿಂತು ಅವರು ತಮ್ಮ ಮನೆಯ ದಾರಿಯನ್ನು ಪರರಿಂದ ಕೇಳಿದ ದಿನ. ಆ ಎರಡು ವರ್ಷಗಳಲ್ಲಿ ಏನೇನು ಕೈತಪ್ಪಿಹೋಯಿತೆಂಬುದನ್ನು ಮುಂದೆ ಹೇಳುವೆವು.

ಮೊದಲು ಗಾದೆಯ ಮಾತು. ಅರವತ್ತು ಕಳೆದವರಿಗೆಲ್ಲ ಬುದ್ಧಿ ಮರಳುವುದಾದರೆ ಸರ್ ಎಂ. ವಿಶ್ವೇಶ್ವರಯ್ಯನವರು ತೊಂಬತ್ತರ ಹತ್ತಿರದಲ್ಲಿ, ೧೯೫೧ರಲ್ಲಿ, ತಮ್ಮ ಕಾರ್ಯಜೀವನದ ಸ್ಮರಣೆಗಳನ್ನು ಪುಸ್ತಕವಾಗಿ ಪ್ರಕಟಿಸುತ್ತಿರಲಿಲ್ಲ. ಬೇಂದ್ರೆಯವರಂತೂ ಅರವತ್ತು ತುಂಬಿದ ಮೇಲೆ ಹೊರತಂದ ಕವನಸಂಪುಟಕ್ಕೆ “ಅರಳು ಮರಳು” ಎಂದೇ ಹೆಸರಿಟ್ಟರು. ಅದಕ್ಕೆ ೧೯೫೮ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಗಾದೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಾಗಿಲ್ಲ. ಆದರೂ ಲೆಕ್ಕವನ್ನು ಕೇಳುವವರಿಗಾಗಿ ಹೇಳುವುದಾದರೆ, ಭಾರತದ ನಾನಾ ರಾಜ್ಯಗಳಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಪರಿಶೀಲನೆಯೊಂದರ ಪ್ರಕಾರ, ಅರವತ್ತು ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನವರಲ್ಲಿ ನೂರಕ್ಕೆ ೭.೪ ಮಂದಿಗೆ, ಎಂದರೆ ಸುಮಾರು ೮೮ ಲಕ್ಷ ಜನಕ್ಕೆ, ಈ ವ್ಯಾಧಿಯಿದೆ. ಸಂಖ್ಯೆ ಸಣ್ಣದಲ್ಲ. ಆದರೆ ನೂರರಲ್ಲಿ ತೊಂಬತ್ತೆರಡು ಮಂದಿಗೆ ಇಲ್ಲದ್ದನ್ನು ವಯೋಧರ್ಮವೆಂದು ಕರೆಯುವುದು ಹೇಗೆ? ನೂರರಲ್ಲಿ ಏಳು ಮಂದಿಗೆ ಬರುವುದು ರೋಗ. ರೋಗವೆಂದರೆ ಅದಕ್ಕೆ ಕಾರಣವುಂಟು, ಲಕ್ಷಣವುಂಟು, ಮೊದಲು ಎಂಬುದೊಂದುಂಟು.

ವೈದ್ಯರು ಇದನ್ನು ಡಿಮೆನ್ಷಿಯ ಎನ್ನುತ್ತಾರೆ. ಕನ್ನಡದಲ್ಲಿ ಮರೆವಿನ ರೋಗವೆಂದು ಹೇಳುವುದು ರೂಢಿಗೆ ಬಂದಿದೆ. ಆದರೆ ಕೆಡುವುದು ನೆನಪೊಂದೇ ಅಲ್ಲ. ಮಾತು, ಲೆಕ್ಕ, ದಾರಿಯ ಅರಿವು, ವಿವೇಚನೆ, ಸ್ವಭಾವ ಇವೆಲ್ಲಕ್ಕೂ ಅದು ಕೈಹಾಕುವುದರಿಂದ ನಾವು ಮತಿಕ್ಷಯವೆಂಬ ಮಾತನ್ನು ಬಳಸುವೆವು. ಇದು ಒಂದೇ ರೋಗದ ಹೆಸರೂ ಅಲ್ಲ. ಜ್ವರಕ್ಕೆ ಹಲವು ಕಾರಣಗಳಿರುವಂತೆ ಇದಕ್ಕೂ ಹಲವು ಕಾರಣಗಳುಂಟು. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣತಕ್ಕದ್ದು ಆಲ್ಜೈಮರ್ ಎಂಬ ಜರ್ಮನ್ ವೈದ್ಯನ ಹೆಸರಿನ ರೋಗ.

ಆ ಹೆಸರು ಬಂದ ಸಂದರ್ಭವನ್ನು ತಿಳಿಯುವುದು ಉಪಯುಕ್ತ. ಏಕೆಂದರೆ ನಮ್ಮ ಗಾದೆಯ ಅರವತ್ತನ್ನು ಅದು ಮೊದಲಲ್ಲಿಯೇ ಅಲ್ಲಗಳೆಯುತ್ತದೆ. ೧೯೦೧ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಚಿಕಿತ್ಸಾಲಯಕ್ಕೆ ಆಗಸ್ಟೆ ಡೇಟರ್ ಎಂಬ ಗೃಹಿಣಿಯನ್ನು ಆಕೆಯ ಗಂಡನು ಕರೆತಂದನು. ಆಕೆಗೆ ಆಗ ೫೧ ವರ್ಷ ವಯಸ್ಸು. ಮೊದಲು ಕಾಣಿಸಿಕೊಂಡ ಲಕ್ಷಣ ಮರೆವಲ್ಲ. ಗಂಡನ ಮೇಲೆ ಹುಟ್ಟಿದ ಕಾರಣವಿಲ್ಲದ ಸಂಶಯ. ಆಮೇಲೆ ನೆನಪು ಕುಂದಿತು. ತನ್ನ ಮನೆಯಲ್ಲಿಯೇ ದಾರಿ ತಪ್ಪುವಂತಾಯಿತು. ಸಾಮಾನುಗಳನ್ನು ಎತ್ತಿ ಎತ್ತಿ ಬಚ್ಚಿಡಲು ಆರಂಭಿಸಿದಳು. ಆಲೋಯಿಸ್ ಆಲ್ಜೈಮರನು ಆಕೆಯ ಹೆಸರನ್ನು ಕೇಳಿದನು; ಆಗಸ್ಟೆ ಎಂದಳು. ಗಂಡನ ಹೆಸರೇನೆಂದರೆ ಅದಕ್ಕೂ ಆಗಸ್ಟೆ ಎಂದೇ ಉತ್ತರ. ತಾನು ತನ್ನನ್ನೇ ಕಳೆದುಕೊಂಡಿರುವೆನೆಂದು ಆಕೆ ಹೇಳುತ್ತಿದ್ದಳೆಂದು ತಿಳಿದುಬಂದಿದೆ. ೧೯೦೬ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡ ಮೇಲೆ ಆಲ್ಜೈಮರನು ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಕಣಗಳ ಹೊರಗೆ ಒಂದು ಬಗೆಯ ಗಟ್ಟಿಯಾದ ಶೇಖರವನ್ನೂ ಒಳಗೆ ಸಿಕ್ಕುಬಿದ್ದ ಎಳೆಗಳನ್ನೂ ಕಂಡನು. ಅದೇ ವರ್ಷ ನವೆಂಬರ್ ೩ನೆಯ ತಾರೀಖು ಟ್ಯೂಬಿಂಗೆನ್ನಿನಲ್ಲಿ ಸೇರಿದ್ದ ವೈದ್ಯರ ಸಭೆಯಲ್ಲಿ ಈ ವಿಷಯವನ್ನು ಹೇಳಿದಾಗ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಂತೆ. ೧೯೧೦ರಲ್ಲಿ ಕ್ರೇಪೆಲಿನ್ ಎಂಬ ಪಂಡಿತನು ತನ್ನ ವೈದ್ಯಗ್ರಂಥದಲ್ಲಿ ಇದಕ್ಕೆ ಆಲ್ಜೈಮರನ ಹೆಸರನ್ನಿಟ್ಟನು.

ಮಿದುಳಿನಲ್ಲಿ ಈ ಬದಲಾವಣೆಗಳು ಲಕ್ಷಣಗಳು ಹೊರಗೆ ಕಾಣುವುದಕ್ಕೆ ಹದಿನೈದು ಇಪ್ಪತ್ತು ವರ್ಷಗಳ ಮೊದಲೇ ಆರಂಭವಾಗುವುವೆಂದು ಈಗ ತಿಳಿದಿದೆ. ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳುವುದು ಕಿವಿಗಳ ಒಳಭಾಗದ ನೇರದಲ್ಲಿ ಮಿದುಳಿನ ಆಳದಲ್ಲಿರುವ ಹಿಪ್ಪೊಕ್ಯಾಂಪಸ್ ಎಂಬ ಭಾಗಕ್ಕೆ. ಇಂದು ಕಂಡದ್ದನ್ನು ನಾಳೆಗೆ ನೆನಪಾಗಿ ಇಳಿಸಿಡುವುದು ಇದರ ಕೆಲಸ. ಕಛೇರಿಗೆ ಬಂದ ಕಾಗದಗಳನ್ನು ದಾಖಲೆಗೆ ಸೇರಿಸುವ ಗುಮಾಸ್ತನು ರಜಾ ಹೋದರೆ ಏನಾದೀತು? ಹಳೆಯ ಕಡತಗಳೆಲ್ಲ ಕಪಾಟಿನಲ್ಲಿ ಭದ್ರವಾಗಿಯೇ ಇರುವುವು. ಇಂದಿನ ಟಪಾಲು ಮಾತ್ರ ಎಲ್ಲಿಯೂ ಸೇರದೆ ಹಾರಿಹೋಗುವುದು. ಇಲ್ಲಿಯೂ ಹಾಗೆಯೇ. ಹೊಸ ನೆನಪು ಮೊದಲು ಅಳಿದು ಹಳೆಯದು ಬಹುಕಾಲ ಉಳಿಯುವುದೆಂಬ ಸಂಗತಿಯನ್ನು ರಿಬೋ ಎಂಬ ಫ್ರೆಂಚ್ ವಿದ್ವಾಂಸನು ೧೮೮೧ರಲ್ಲಿಯೇ ಬರೆದಿಟ್ಟನು.

ನಾವು ಮೋಸಹೋಗುವುದು ಇಲ್ಲಿಯೇ. “ನಮ್ಮ ತಾತನಿಗೆ ಮರೆವೇ? ಅವರ ಮದುವೆಯಲ್ಲಿ ಎಷ್ಟು ಎಲೆ ಊಟವಾಯಿತೆಂಬುದನ್ನು ಈಗಲೂ ಹೇಳುತ್ತಾರೆ” ಎಂದು ಮನೆಯವರು ಹೆಮ್ಮೆಪಡುವರು. ಮದುವೆಯ ಊಟ ಹಳೆಯ ಕಡತ. ಇಂದು ಬೆಳಗ್ಗೆ ಯಾರು ಬಂದು ಹೋದರೆಂಬುದನ್ನು ಕೇಳಬೇಕು. ನಮ್ಮ ಮನೆಗಳಲ್ಲಿ ಇನ್ನೂ ಒಂದು ಮರೆಯುಂಟು. ಬಾಲ್ಯದಿಂದ ಬಾಯಿಪಾಠವಾದ ವಿಷ್ಣುಸಹಸ್ರನಾಮವನ್ನು ಒಂದಕ್ಷರವೂ ತಪ್ಪದೆ ಹೇಳುವವರು ಸ್ನಾನ ಮಾಡಿದೆವೋ ಇಲ್ಲವೋ ಎಂಬುದನ್ನು ತಿಳಿಯದೆ ಎರಡನೆಯ ಸಲ ಬಚ್ಚಲಿಗೆ ಹೋಗುವುದುಂಟು. ಸಂಧ್ಯಾವಂದನೆ, ಹಾಡು, ರಂಗೋಲೆ, ಕೈಗೆ ಬಂದ ಕುಶಲ ಕೆಲಸಗಳು, ಇವೆಲ್ಲ ಅಭ್ಯಾಸಬಲದಿಂದ ನಡೆಯತಕ್ಕವು. ಇವು ಸರಿಯಾಗಿವೆಯೆಂಬ ಮಾತ್ರಕ್ಕೆ ಉಳಿದುದೆಲ್ಲವೂ ಸರಿಯಾಗಿದೆಯೆಂದು ಧೈರ್ಯತಾಳುವಂತಿಲ್ಲ.

ಹಾಗಾದರೆ ಮರೆತವರಿಗೆಲ್ಲ ರೋಗವೆಂದು ಭಯಪಡಬೇಕೆ? ಬೇಡ. ವಯಸ್ಸಾದಂತೆ ಎಲ್ಲರಲ್ಲಿಯೂ ನೆನಪು ನಿಧಾನವಾಗುವುದು. ಪರಿಚಿತರ ಹೆಸರು ಬಾಯಿಗೆ ಬಾರದೆ ಅವರು ಹೋದ ಮೇಲೆ ಹೊಳೆಯುವುದು, ಒಳಕೋಣೆಗೆ ಹೋಗಿ ಬಂದ ಕೆಲಸವೇನೆಂದು ನಿಂತು ಯೋಚಿಸುವುದು, ಬೀಗದ ಕೈಯನ್ನು ಎಲ್ಲಿಯೋ ಇಟ್ಟು ಹುಡುಕುವುದು, ಇವು ನಲವತ್ತೈದು ವಯಸ್ಸಿನ ನಮಗೂ ಉಂಟು. ತರಗತಿಯಲ್ಲಿ ಹಾಜರಿ ಪುಸ್ತಕವನ್ನು ಬಿಟ್ಟುಬಂದುದನ್ನು ನಮ್ಮ ವಿದ್ಯಾರ್ಥಿಗಳೇ ಸಾಕ್ಷಿ ಹೇಳಬಲ್ಲರು. ಇಂಥ ಮರೆವಿನಲ್ಲಿ ಎರಡು ಸಮಾಧಾನಗಳಿವೆ. ಮರೆತೆವೆಂಬುದು ನಮಗೇ ತಿಳಿಯುತ್ತದೆ. ಯಾರಾದರೂ ಸ್ವಲ್ಪ ಸುಳಿವುಕೊಟ್ಟರೆ ನೆನಪು ಮರಳುತ್ತದೆ. ರೋಗದ ಮರೆವಿನಲ್ಲಿ ಸುಳಿವು ಕೊಟ್ಟರೂ ಫಲವಿಲ್ಲ. ನಿನ್ನೆ ಮದುವೆಗೆ ಹೋಗಿದ್ದೆವಲ್ಲ ಎಂದರೆ, ಯಾವ ಮದುವೆ ಎಂಬ ಪ್ರಶ್ನೆ ಬರುವುದು. ಕೇಳಿದ ಪ್ರಶ್ನೆಯನ್ನೇ ಕಾಲು ಗಂಟೆಯೊಳಗೆ ಮೂರು ಸಲ ಕೇಳುವರು, ಪ್ರತಿ ಸಲವೂ ಹೊಸದಾಗಿ. ಕಳೆದ ವಸ್ತು ಸಿಗುವುದೂ ಅದಿರತಕ್ಕ ಸ್ಥಳದಲ್ಲಲ್ಲ. ಬೀಗದ ಕೈ ಅಕ್ಕಿಯ ಡಬ್ಬಿಯಲ್ಲಿ, ಕನ್ನಡಕ ತಣ್ಣನೆಯ ಪೆಟ್ಟಿಗೆಯಲ್ಲಿ ಹಾಲಿನ ಪಕ್ಕದಲ್ಲಿ. ಅದನ್ನು ಅಲ್ಲಿಟ್ಟವರು ತಾವೆಂಬ ನೆನಪು ಇಲ್ಲವಾದುದರಿಂದ ಯಾರೋ ಕದ್ದರೆಂಬ ನಿಶ್ಚಯ ಹುಟ್ಟುವುದು. ಹತ್ತು ವರ್ಷಗಳಿಂದ ನಂಬಿಕೆಯಿಂದ ಕೆಲಸಮಾಡಿದ ಮನೆಗೆಲಸದವಳ ಮೇಲೆಯೋ ಸೊಸೆಯ ಮೇಲೆಯೋ ಕಳವು ಹೊರಿಸುವುದು ಎಷ್ಟೋ ಮನೆಗಳಲ್ಲಿ ಈ ರೋಗದ ಮೊದಲನೆಯ ಗುರುತು. ಅದನ್ನು ಅತ್ತೆಯ ದುಸ್ವಭಾವವೆಂದು ಎಣಿಸಿ ಮನೆಗಳು ಒಡೆದಿವೆ.

ಅಡಿಗೆಯ ಮನೆಯು ಒಳ್ಳೆಯ ಪರೀಕ್ಷಾಶಾಲೆ. ಹುಳಿಗೆ ಒಂದು ದಿನ ಉಪ್ಪು ಮರೆತರೆ ಏನೂ ಇಲ್ಲ. ಆದರೆ ಜೀವಮಾನವೆಲ್ಲ ಕಣ್ಣಳತೆಯಲ್ಲಿಯೇ ಹಬ್ಬದ ಅಡಿಗೆ ಮಾಡಿದಾಕೆ, ಬೇಳೆ ಬೇಯುವುದಕ್ಕೆ ಮೊದಲೇ ಹುಣಸೆಯ ರಸ ಬಿಡುವುದು, ಒಗ್ಗರಣೆಯನ್ನು ಎರಡು ಸಲ ಹಾಕುವುದು, ಒಲೆಯ ಮುಂದೆ ಮುಂದೇನೆಂದು ತೋಚದೆ ನಿಲ್ಲುವುದು, ಕೊನೆಗೆ ಬೇಸರವೆಂದು ಹೇಳಿ ಹಬ್ಬದ ಅಡಿಗೆಯನ್ನೇ ಬಿಡುವುದು, ಇವು ನೆನಪಿನ ಕೊರತೆಗಿಂತ ದೊಡ್ಡ ಕೊರತೆಯ ಗುರುತುಗಳು. ಒಂದಾದ ಮೇಲೊಂದಾಗಿ ಕೆಲಸವನ್ನು ಜೋಡಿಸುವ ಶಕ್ತಿ ಕುಂದುತ್ತಿದೆಯೆಂದು ಅರ್ಥ. ಗಂಡಸರಲ್ಲಿ ಇದು ಹಣದ ವ್ಯವಹಾರದಲ್ಲಿ ಮೊದಲು ತೋರುವುದು: ಬ್ಯಾಂಕಿನ ಚೀಟಿಯನ್ನು ತುಂಬಲಾರದೆ ಮರಳುವುದು, ಕೈದೂರವಾಣಿಯಿಂದ ಹಣ ಕಳುಹಿಸುವುದನ್ನು ಕಲಿತಿದ್ದವರು ಅದನ್ನು ಬಿಟ್ಟುಬಿಡುವುದು, ಅಪರಿಚಿತನ ಒಂದು ಕರೆಗೆ ಮರುಳಾಗಿ ಗುಟ್ಟಿನ ಅಂಕಿಯನ್ನು ಹೇಳುವುದು. ಕೊನೆಯದು ಬುದ್ಧಿವಂತರಿಗೂ ಆಗುತ್ತದೆ, ನಿಜ. ಆದರೆ ಜಿಪುಣರೆಂದು ಹೆಸರಾಗಿದ್ದವರಿಗೆ ಅದಾದರೆ ಯೋಚಿಸಬೇಕು.

ಈ ಮಾತಿನಲ್ಲಿಯೇ ನಾವು ಹೇಳಬೇಕೆಂದಿರುವ ಮುಖ್ಯವಾದ ಅಂಶವಿದೆ. ಹಿರಿಯರನ್ನು ಪಕ್ಕದ ಮನೆಯ ಹಿರಿಯರೊಡನೆ ಹೋಲಿಸಿ ನೋಡಬಾರದು. ಅವರನ್ನು ಅವರೊಡನೆಯೇ ಹೋಲಿಸಬೇಕು. ಹುಟ್ಟಾ ಮರೆಗುಳಿಯಾದವನು ಕೊಡೆಯನ್ನು ಬಿಟ್ಟುಬಂದರೆ ಅದು ಅವನ ಸ್ವಭಾವ. ಮೂವತ್ತನಾಲ್ಕು ವರ್ಷ ಕಾಸಿಗೆ ಕಾಸು ತಾಳೆಹಾಕಿದವರು ಹಾಲಿನವನಿಗೆ ಎರಡು ಸಲ ಹಣಕೊಟ್ಟರೆ ಅದು ಸ್ವಭಾವವಲ್ಲ. ಐದು ವರ್ಷದ ಹಿಂದೆ ಈ ಮನುಷ್ಯರು ಹೀಗೆ ಮಾಡುತ್ತಿದ್ದರೇ ಎಂಬ ಪ್ರಶ್ನೆಗೆ ಇಲ್ಲವೆಂಬ ಉತ್ತರ ಪದೇ ಪದೇ ಬಂದರೆ, ಮತ್ತು ಅದರಿಂದ ದಿನದ ಕೆಲಸ ಕೆಡುತ್ತಿದ್ದರೆ, ವೈದ್ಯರನ್ನು ಕಾಣಬೇಕು.

ಮಾತಿನ ವಿಷಯವಾಗಿ ಸ್ವಲ್ಪ ವಿಸ್ತಾರವಾಗಿ ಹೇಳುವುದಕ್ಕೆ ನಮ್ಮ ವೃತ್ತಿಯೇ ಕಾರಣ. ನಾವು ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಪಾಠಹೇಳುವವರು. ಅಮೆರಿಕದ ಎಮರ್ಸನ್ನನ ಪ್ರಬಂಧಗಳನ್ನು ಓದಿದವರು ನಮ್ಮಲ್ಲಿ ಬಹಳ ಮಂದಿ ಇರುವರು. ಆತನ ಕೊನೆಯ ಹತ್ತು ವರ್ಷಗಳ ಕಥೆ ಅಷ್ಟಾಗಿ ತಿಳಿಯದು. ೧೮೭೨ರಲ್ಲಿ ಆತನ ಮನೆಗೆ ಬೆಂಕಿಬಿದ್ದ ಮೇಲೆ ನೆನಪಿನ ಕುಂದು ಎಲ್ಲರಿಗೂ ಕಾಣುವಂತಾಯಿತು. ಪದಗಳು ಆತನನ್ನು ಬಿಟ್ಟುಹೋಗತೊಡಗಿದುವು. ಒಮ್ಮೆ ಕೊಡೆಯೆಂಬ ಪದವು ಬಾರದೆ, ಅದರ ಹೆಸರನ್ನು ಹೇಳಲಾರೆನಾದರೂ ಚರಿತ್ರೆಯನ್ನು ಹೇಳಬಲ್ಲೆನೆಂದೂ, ಮನೆಗೆ ಬಂದವರು ಎತ್ತಿಕೊಂಡು ಹೋಗುವ ವಸ್ತು ಅದೆಂದೂ ವಿವರಿಸಿದನಂತೆ. ಕೇಳಿದವರು ನಕ್ಕಿರಬೇಕು. ೧೮೮೨ರಲ್ಲಿ ಕವಿ ಲಾಂಗ್‌ಫೆಲೊ ತೀರಿಕೊಂಡಾಗ ಆ ಹಳೆಯ ಮಿತ್ರನ ಅಂತ್ಯಕ್ರಿಯೆಗೆ ಹೋಗಿ, ಈತನು ಒಳ್ಳೆಯ ಮನುಷ್ಯ, ಹೆಸರು ಮಾತ್ರ ಮರೆತುಹೋಯಿತೆಂದನು. ಸುಮಾರು ಒಂದು ತಿಂಗಳಾದ ಮೇಲೆ ತಾನೂ ತೀರಿಕೊಂಡನು. ನಮ್ಮ ಮನೆಗಳಲ್ಲಿ ಇದೇ ಲಕ್ಷಣವು “ಅದು, ಅದೇ, ಅದನ್ನು ಇದರಲ್ಲಿ ಇಡು” ಎಂಬ ರೂಪದಲ್ಲಿ ಕಾಣಿಸುವುದು. ಹೆಸರುಗಳೆಲ್ಲ ಸರ್ವನಾಮಗಳಾಗುವುವು.

ಮತ್ತೊಂದು ನಿದರ್ಶನವು ಇನ್ನೂ ಸೂಕ್ಷ್ಮವಾದುದು. ಐರಿಸ್ ಮರ್ಡಾಕ್ ಎಂಬ ಕಾದಂಬರಿಕಾರ್ತಿಯ ಕೊನೆಯ ಕಾದಂಬರಿಯು ೧೯೯೫ರಲ್ಲಿ ಬಂದಿತು. ಬರೆಯುವುದು ಸಾಗುತ್ತಿಲ್ಲವೆಂದು ಆಕೆ ಹೇಳಿಕೊಂಡಾಗ ಅದು ಲೇಖಕರಿಗೆಲ್ಲ ಬರುವ ತೊಡಕೆಂದು ತೋರಿತ್ತು. ೧೯೯೯ರಲ್ಲಿ ಆಕೆ ಆಲ್ಜೈಮರ್ ರೋಗದಿಂದ ತೀರಿಕೊಂಡ ಮೇಲೆ ವಿದ್ವಾಂಸರು ಆ ಕಾದಂಬರಿಯನ್ನು ಆಕೆಯ ೧೯೫೪ರ ಮತ್ತು ೧೯೭೮ರ ಕಾದಂಬರಿಗಳೊಡನೆ ಪದಕ್ಕೆ ಪದ ಹೋಲಿಸಿ ೨೦೦೫ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ವ್ಯಾಕರಣವೆಲ್ಲ ನೆಟ್ಟಗಿತ್ತು, ಪದಗಳ ಸಂಪತ್ತು ಮಾತ್ರ ಬಡವಾಗಿತ್ತು. ವೈದ್ಯರು ರೋಗವನ್ನು ಗುರುತಿಸುವುದಕ್ಕೆ ಮೊದಲೇ ಅದು ಅಚ್ಚಿನ ಪುಟಗಳಲ್ಲಿ ಎಲ್ಲರ ಕಣ್ಣೆದುರಿಗಿದ್ದಿತು.

ವಿದ್ಯಾವಂತರಲ್ಲಿ ಈ ಗುರುತುಗಳು ತಡವಾಗಿ ಕಾಣುವುವೆಂಬುದನ್ನು ಇಲ್ಲಿ ಸೇರಿಸಬೇಕು. ಓದು ಬರಹಗಳಿಂದ ಬೆಳೆದ ಮಿದುಳಿಗೆ ಒಂದು ಬಗೆಯ ಇಡುಗಂಟು ಇರುವುದೆಂದೂ, ಒಂದು ದಾರಿ ಮುಚ್ಚಿದರೆ ಇನ್ನೊಂದು ದಾರಿಯಿಂದ ಅದು ಕೆಲಸ ಸಾಗಿಸುವುದೆಂದೂ ವಿದ್ವಾಂಸರ ಅಭಿಪ್ರಾಯ. ಭಾಷೆಗಳಿಂದಲೂ ಇಂಥ ಲಾಭವುಂಟೆಂದು ತೋರುತ್ತದೆ. ಸುವರ್ಣಾ ಅಲ್ಲಾಡಿಯವರೂ ಅವರ ಸಂಗಡಿಗರೂ ಹೈದರಾಬಾದಿನಲ್ಲಿ ೬೪೮ ರೋಗಿಗಳನ್ನು ಪರಿಶೀಲಿಸಿ ೨೦೧೩ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಒಂದಕ್ಕಿಂತ ಹೆಚ್ಚು ಭಾಷೆಗಳನ್ನು ಆಡುವವರಲ್ಲಿ ರೋಗಲಕ್ಷಣಗಳು ಒಂದೇ ಭಾಷೆಯವರಿಗಿಂತ ನಾಲ್ಕೂವರೆ ವರ್ಷ ತಡವಾಗಿ ಆರಂಭವಾದುವು; ಓದುಬರಹ ತಿಳಿಯದವರಲ್ಲಿಯೂ ಈ ವ್ಯತ್ಯಾಸ ಕಂಡುಬಂದಿತು. ಮನೆಯಲ್ಲೊಂದು, ಬೀದಿಯಲ್ಲೊಂದು, ಕಛೇರಿಯಲ್ಲೊಂದು ಭಾಷೆಯಾಡುವ ನಮ್ಮೂರುಗಳ ಜನಕ್ಕೆ ಇದು ಸಂತೋಷದ ಸುದ್ದಿ. ಆದರೆ ಇಡುಗಂಟು ರೋಗವನ್ನು ಓಡಿಸುವುದಿಲ್ಲ, ಮರೆಮಾಡುತ್ತದೆ. ಮಾತುಬಲ್ಲವರು ಉತ್ತರ ತಿಳಿಯದಿದ್ದಾಗ ಹಾಸ್ಯದಿಂದ ಜಾರಿಕೊಳ್ಳುವರು. ಇವತ್ತು ಯಾವ ವಾರವೆಂದು ಕೇಳಿದರೆ “ನಿವೃತ್ತನಿಗೆ ಎಲ್ಲ ದಿನವೂ ಭಾನುವಾರವೇ” ಎನ್ನುವರು. ಇಲ್ಲವೆ ಹೆಂಡತಿಯ ಮುಖವನ್ನು ನೋಡುವರು, ಆಕೆ ಉತ್ತರ ಹೇಳಿಬಿಡುವಳು. ಪ್ರಶ್ನೆ ಕೇಳಿದಾಗಲೆಲ್ಲ ಹೀಗೆ ತಲೆ ತಿರುಗಿಸಿ ಪಕ್ಕದವರನ್ನು ನೋಡುವುದನ್ನು ಅನುಭವವುಳ್ಳ ವೈದ್ಯರು ಒಂದು ಗುರುತಾಗಿಯೇ ಗಣಿಸುತ್ತಾರೆ. ನಮ್ಮ ಅತ್ತೆಯವರು ಎರಡು ವರ್ಷ ಹೀಗೆ ಉತ್ತರ ಹೇಳಿದರು. ಮರೆಮಾಡಬೇಕೆಂದಲ್ಲ, ನಲವತ್ತು ವರ್ಷದ ಸಂಸಾರದಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸುವುದು ಸಹಜವಾಗಿಹೋಗಿತ್ತು.

ಮರೆವಿಲ್ಲದೆಯೇ ಆರಂಭವಾಗುವ ಬಗೆಗಳೂ ಉಂಟು. ಮಿದುಳಿನ ಮುಂಭಾಗವನ್ನು ಹಿಡಿಯುವ ರೋಗವು ಕೆಲವರಲ್ಲಿ ಐವತ್ತು ಅರವತ್ತರ ನಡುವೆಯೇ ಬರುವುದು. ಸಭ್ಯರಾಗಿದ್ದವರು ಸಭೆಯಲ್ಲಿ ಆಡಬಾರದ ಮಾತನ್ನಾಡುವರು, ಹೆಂಡತಿ ಮಕ್ಕಳ ನೋವಿಗೆ ಮನಸ್ಸು ಕರಗದು, ಸಿಹಿಯ ಚಪಲ ಮಿತಿಮೀರುವುದು. ಇನ್ನೊಂದು ಬಗೆಯಲ್ಲಿ ಮನೆಯೊಳಗೆ ಮಕ್ಕಳೋ ಪ್ರಾಣಿಗಳೋ ಓಡಾಡುವಂತೆ ಸ್ಪಷ್ಟವಾಗಿ ಕಾಣುವುದು, ನಡಿಗೆ ಬಿಗಿಯಾಗುವುದು, ಒಂದು ದಿನ ಚೆನ್ನಾಗಿದ್ದು ಮರುದಿನ ಮಂಕಾಗುವುದು. ರಕ್ತನಾಳಗಳು ಕೆಟ್ಟು ಬರುವ ಬಗೆಯು ಮೆಟ್ಟಿಲು ಇಳಿದಂತೆ ಹಂತಹಂತವಾಗಿ ಇಳಿಯುವುದುಂಟು. ರಕ್ತದ ಒತ್ತಡವನ್ನೂ ಸಕ್ಕರೆಯ ಕಾಯಿಲೆಯನ್ನೂ ಅಲಕ್ಷ್ಯಮಾಡಿದವರಿಗೆ ಇದರ ಭಯ ಹೆಚ್ಚು.

ಈಗ ಒಂದು ಒಳ್ಳೆಯ ಮಾತನ್ನು ಹೇಳಬೇಕು. ಅರಳು ಮರಳಿನಂತೆ ಕಾಣುವುದೆಲ್ಲ ಮತಿಕ್ಷಯವಲ್ಲ. ಕೆಲವು ಸಂದರ್ಭಗಳಲ್ಲಿ ಅದು ಗುಣವಾಗುವ ಕಾಯಿಲೆಯಾಗಿರುತ್ತದೆ. ನಮ್ಮ ಬೀದಿಯ ಒಬ್ಬ ವೃದ್ಧೆ ಮಂಕಾಗಿ, ಮಾತು ಕಡಿಮೆಯಾಗಿ, ಹೆಸರುಗಳನ್ನು ಮರೆಯುತ್ತ, ಪಾದಗಳಲ್ಲಿ ಜೋಮೆಂದು ಹೇಳುತ್ತಿದ್ದರು. ಮಗಳು ಬುದ್ಧಿವಂತೆ, ವಯಸ್ಸಾಯಿತೆಂದು ಬಿಡದೆ ರಕ್ತಪರೀಕ್ಷೆ ಮಾಡಿಸಿದಳು. ಬಿ೧೨ ಎಂಬ ಜೀವಸತ್ತ್ವ ತೀರ ಕಡಿಮೆಯಿತ್ತು. ಸೂಜಿಮದ್ದು ಕೊಡಲಾಗಿ ಕೆಲವು ತಿಂಗಳಲ್ಲಿ ಆಕೆ ಮೊದಲಿನಂತೆ ಪಕ್ಕದ ಮನೆಯವರ ವಿಷಯವನ್ನೆಲ್ಲ ವಿಚಾರಿಸಲು ಆರಂಭಿಸಿದರು. ಈ ಸತ್ತ್ವವು ಮಾಂಸ, ಮೊಟ್ಟೆ, ಹಾಲುಗಳಿಂದ ಬರತಕ್ಕದ್ದು. ಸಸ್ಯಾಹಾರಿಗಳಲ್ಲಿಯೂ, ವಯಸ್ಸಾಗಿ ಜೀರ್ಣಶಕ್ತಿ ತಗ್ಗಿದವರಲ್ಲಿಯೂ, ಸಕ್ಕರೆಯ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ತೆಗೆದುಕೊಂಡವರಲ್ಲಿಯೂ ಕೊರತೆ ಬೀಳುವುದು ಸುಲಭ. ಥೈರಾಯ್ಡ್ ಗ್ರಂಥಿಯ ಆಲಸ್ಯ, ಸಂಗಾತಿ ತೀರಿಕೊಂಡ ಮೇಲೆ ಹಿಡಿದ ಖಿನ್ನತೆ, ನಿದ್ರೆಗೆಂದೋ ನೆಗಡಿಗೆಂದೋ ನುಂಗುವ ಕೆಲವು ಮಾತ್ರೆಗಳು, ಕಿವಿ ಕೇಳಿಸದಿರುವುದು, ಇವೂ ಇದೇ ವೇಷವನ್ನು ತೊಡುವುವು. ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ತಲೆಗೆ ಬಿದ್ದ ಸಣ್ಣ ಪೆಟ್ಟಿನಿಂದ ತಲೆಬುರುಡೆಯ ಒಳಗೆ ರಕ್ತ ನಿಧಾನವಾಗಿ ಸೇರಿ ಮಂಕುಹಿಡಿಯುವುದೂ ಉಂಟು. ಶಸ್ತ್ರಚಿಕಿತ್ಸೆಯಿಂದ ಅದು ವಾಸಿಯಾಗಬಹುದು. ಇನ್ನು ನಿನ್ನೆಯವರೆಗೆ ಸರಿಯಾಗಿದ್ದವರು ಇಂದು ಹಠಾತ್ತಾಗಿ ದಿಕ್ಕುತೋಚದಂತೆ ಮಾತನಾಡಿದರೆ ಅದನ್ನು ಮತಿಕ್ಷಯವೆಂದು ತಿಳಿಯದೆ, ಸೋಂಕೋ ಲವಣದ ಏರುಪೇರೋ ಪಾರ್ಶ್ವವಾಯುವೋ ಆಗಿರಬಹುದೆಂದು ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಸಾಗಿಸಬೇಕು. ಮತಿಕ್ಷಯವು ತಿಂಗಳು ವರ್ಷಗಳ ನಡಿಗೆಯಲ್ಲಿ ಬರುವುದು. ರಾತ್ರಿ ಬೆಳಗಾಗುವುದರಲ್ಲಿ ಬರುವುದಿಲ್ಲ.

ವೈದ್ಯರ ಬಳಿಗೆ ಹೋಗುವಾಗ ಬರಿಗೈಯಲ್ಲಿ ಹೋಗಬಾರದು. ಏನು, ಎಂದು, ಎಷ್ಟು ಸಲ ಎಂಬುದನ್ನು ತಾರೀಖು ಸಹಿತ ನಾಲ್ಕು ವಾರ ಬರೆದಿಟ್ಟುಕೊಂಡು, ತಿನ್ನುತ್ತಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗುವುದು ಮೇಲು. ವೈದ್ಯರು ತಾರೀಖು, ಸ್ಥಳ, ಮೂರು ಪದಗಳ ನೆನಪು, ನೂರರಿಂದ ಏಳೇಳಾಗಿ ಕಳೆಯುವುದು, ಗಡಿಯಾರದ ಚಿತ್ರ ಬರೆಯುವುದು ಮೊದಲಾದುವನ್ನು ಕೇಳುವರು. ೧೯೭೫ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಮೂವತ್ತು ಅಂಕಗಳ ಪರೀಕ್ಷೆಯು ಈಗಲೂ ಬಳಕೆಯಲ್ಲಿದೆ. ಆದರೆ ಅಂಕಗಳನ್ನು ಕುರುಡಾಗಿ ನಂಬುವಂತಿಲ್ಲ. ಶಾಲೆಗೆ ಹೋಗದ ಅಜ್ಜಿ ಏಳನ್ನು ಕಳೆಯಲಾರದೆ ಸೋಲಬಹುದು. ನಿವೃತ್ತ ಗಣಿತೋಪಾಧ್ಯಾಯರು ರೋಗವಿದ್ದೂ ಗೆಲ್ಲಬಹುದು. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತು ನಮ್ಮ ಜನಕ್ಕೆ ತಕ್ಕ ಪರೀಕ್ಷೆಗಳನ್ನು ಐದು ಭಾರತೀಯ ಭಾಷೆಗಳಲ್ಲಿ ಸಿದ್ಧಮಾಡಿಸಿತು. ಅವುಗಳಲ್ಲಿ ಕನ್ನಡವೂ ಒಂದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವೃದ್ಧರಿಗಾಗಿಯೇ ಚಿಕಿತ್ಸಾವಿಭಾಗವಿದೆ. ಅಲ್ಲಿಗೆ ಹೋಗುವುದೆಂದರೆ ಹುಚ್ಚಾಸ್ಪತ್ರೆಗೆ ಹೋಗುವುದೆಂದು ಮುಖ ಸಿಂಡರಿಸುವವರು ವಿದ್ಯಾವಂತರಲ್ಲಿಯೂ ಇರುವುದು ನಾಚಿಕೆಯ ಸಂಗತಿ.

ಗುಣವಾಗದ ರೋಗವನ್ನು ಬೇಗ ತಿಳಿದು ಫಲವೇನೆಂದು ಕೇಳುವವರುಂಟು. ಪೂರ್ಣವಾಗಿ ಗುಣಪಡಿಸುವ ಔಷಧವಿಲ್ಲವೆಂಬುದು ನಿಜವೇ. ೧೯೯೬ರಿಂದ ಬಳಕೆಯಲ್ಲಿರುವ ಡೊನೆಪೆಜಿಲ್ ಮೊದಲಾದುವು ಕೆಲವರಿಗೆ ಕೆಲವು ಕಾಲ ಸಹಾಯಮಾಡುವುವು. ೨೦೨೩ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮ್ಯಾಬ್ ಎಂಬುದು ಇಳಿತವನ್ನು ಸ್ವಲ್ಪ ನಿಧಾನಗೊಳಿಸುವುದು; ಮಿದುಳಿನಲ್ಲಿ ಊತ, ರಕ್ತಸ್ರಾವಗಳ ಅಪಾಯವೂ ಅದಕ್ಕುಂಟು. ಅದು ಆರಂಭದ ಅವಸ್ಥೆಯವರಿಗೆ ಮಾತ್ರ ತಕ್ಕದ್ದೆಂಬುದನ್ನು ಗಮನಿಸಬೇಕು. ಆದರೆ ಔಷಧಕ್ಕಿಂತ ದೊಡ್ಡ ಕಾರಣವೊಂದುಂಟು. ಬೇಗ ತಿಳಿದರೆ ರೋಗಿಯು ತನ್ನ ವಿಷಯವನ್ನು ತಾನೇ ನಿರ್ಧರಿಸಬಹುದು. ಎಲ್ಲಿರಬೇಕು, ಯಾರು ನೋಡಿಕೊಳ್ಳಬೇಕು, ಮನೆ ಯಾರಿಗೆ ಸೇರಬೇಕೆಂಬುದನ್ನು ತನ್ನ ಬಾಯಿಂದ ಹೇಳಬಹುದು. ೧೯೨೫ರ ಉತ್ತರಾಧಿಕಾರದ ಕಾನೂನಿನ ಪ್ರಕಾರ ಮರಣಶಾಸನವನ್ನು ಬರೆಯುವವನು ಸ್ವಸ್ಥಚಿತ್ತನಾಗಿರಬೇಕು. ಮುಕ್ತ್ಯಾರುನಾಮೆಯೊಂದನ್ನು ಬರೆಸಿಕೊಂಡರೆ ಸಾಕೆಂದು ಅನೇಕರು ತಿಳಿದಿರುವರು. ೧೮೭೨ರ ಕರಾರು ಕಾನೂನಿನಂತೆ, ಬರೆದುಕೊಟ್ಟವನ ಚಿತ್ತಸ್ವಾಸ್ಥ್ಯ ಕೆಟ್ಟರೆ ಸಾಧಾರಣವಾಗಿ ಆ ಅಧಿಕಾರವು ಮುಗಿದುಹೋಗುವುದು. ಅದು ಬೇಕಾಗುವ ಕಾಲದಲ್ಲಿಯೇ ಅದಕ್ಕೆ ಬೆಲೆಯಿಲ್ಲ.

ನಮ್ಮ ಮಾವನವರ ವಿಷಯದಲ್ಲಿ ಕಳೆದುಹೋದದ್ದು ಇದು. ನಾವು ನಗುತ್ತಿದ್ದ ಆ ಎರಡು ವರ್ಷಗಳಲ್ಲಿ ಅವರು ಯಾರೋ ತಂದ ಕಾಗದಕ್ಕೆ ಓದದೆ ರುಜು ಹಾಕಿ, ಅತ್ತೆಯವರ ಹೆಸರಿಗೆ ಇಡಬೇಕೆಂದಿದ್ದ ಹಣವನ್ನು ಕಳೆದುಕೊಂಡರು. ಅದನ್ನು ಕೇಳಿದಾಗ ಅವರಿಗೆ ಏನೂ ನೆನಪಿರಲಿಲ್ಲ. ತಮ್ಮ ಇಷ್ಟವೇನೆಂದು ಹೇಳುವ ಶಕ್ತಿಯೂ ಅಷ್ಟರಲ್ಲಿ ಕುಂದಿತ್ತು.

ಇಂಥ ರೋಗಿಗಳಿಗೆ ತಮ್ಮ ಸ್ಥಿತಿ ತಿಳಿಯದೆಂದು ಹೇಳುವುದುಂಟು. ಮುಂದಿನ ಅವಸ್ಥೆಗಳಲ್ಲಿ ಅದು ಅನೇಕರ ಮಟ್ಟಿಗೆ ನಿಜ, ಮೊದಮೊದಲು ಹಾಗಲ್ಲ. ಬಹಳ ಸಲ ಮನೆಯವರಿಗಿಂತ ಮುಂಚೆ ಅವರಿಗೇ ತಿಳಿದಿರುತ್ತದೆ. ನಾಚಿಕೆಯಿಂದಲೋ ಭಯದಿಂದಲೋ ಹೇಳುವುದಿಲ್ಲ. ಅವರಿಗೆ ತಿಳಿಯಹೇಳುವಾಗ ಮೊಮ್ಮಕ್ಕಳ ಎದುರಿಗೆ ಪರೀಕ್ಷೆ ಮಾಡಬಾರದು, “ನೆನಪಿಲ್ಲವೇ?” ಎಂದು ಗದರಬಾರದು, ಒಬ್ಬರೇ ಕುಳಿತಿರುವಾಗ, ಇತ್ತೀಚೆಗೆ ಲೆಕ್ಕ ಬರೆಯುವುದು ಕಷ್ಟವಾಗುತ್ತಿದೆಯೇ, ವೈದ್ಯರನ್ನು ಒಮ್ಮೆ ಕಂಡುಬರೋಣವೇ ಎಂದು ಕೇಳಬೇಕು. ಮಾವನವರನ್ನು ಹಾಗೆ ಯಾರಾದರೂ ಕೇಳಿದ್ದರೆ ಅವರು ಒಪ್ಪುತ್ತಿದ್ದರೆಂದು ಈಗ ನಮಗೆ ನಿಶ್ಚಯವಾಗಿದೆ. ಅವರು ತೀರಿಕೊಂಡ ಮೇಲೆ ಆ ಉದ್ದನೆಯ ಪುಸ್ತಕಗಳನ್ನು ತೆರೆದು ನೋಡಿದೆವು. ಹಾಲಿನವನ ಪ್ರಸಂಗಕ್ಕೆ ಏಳು ತಿಂಗಳು ಮೊದಲೇ ಒಂದು ಪುಟದ ಅಂಚಿನಲ್ಲಿ ಸೀಸದ ಕಡ್ಡಿಯಿಂದ ಸಣ್ಣಗೆ ಬರೆದಿತ್ತು: “ಮೊತ್ತ ಬರುವುದಿಲ್ಲ. ನಾಳೆ ನೋಡುವುದು.” ಮರುದಿನದ ಪುಟದಲ್ಲಿಯೂ ಅದೇ ಮಾತಿದೆ, ಅದರ ಮರುದಿನವೂ ಇದೆ.